ಒತ್ತಬೇಕು, ಉಜ್ಜಬಾರದು

ಮೊದಲು ಅದು ಹಬೆಯೆಂದುಕೊಂಡೆ.
ಹನ್ನೊಂದು ವರ್ಷ ಗೂಡು ಬೇಯುವ ತೊಟ್ಟಿಯ ಮುಂದೆ ಕೂತವಳಿಗೆ
ಮುಖ ಕೆಂಪಾಗದೆ ಇನ್ನೇನಾದೀತು?
ಸಂಜೆ ಶಿಡ್ಲಘಟ್ಟದ ಗಾಳಿಗೆ ಇಳಿಯುತ್ತೆ ಅಂತಿದ್ದೆ.
ಇಳಿಯಲಿಲ್ಲ.
ಮೂಗಿನ ಎರಡೂ ಬದಿಗೆ ರೆಕ್ಕೆ ಬಿಚ್ಚಿ ಕೂತಿತು,
ಗೂಡು ತೂತು ಮಾಡಿ ಹೊರಬಂದ ಚಿಟ್ಟೆಯ ಹಾಗೆ.
ನಾವು ಆ ಚಿಟ್ಟೆಯನ್ನು ನೋಡುವುದೇ ಕಡಿಮೆ.
ಅದು ಹೊರಬಂತೆಂದರೆ ನೂಲು ಕೆಟ್ಟಿತು ಅಂತ ಲೆಕ್ಕ.

ಮುಖ ಒಂದು, ಓದಿದವರು ಹಲವರು.
ಮುನವ್ವರ್ ಸಾಬರು ಕೂಲಿ ಎಣಿಸುತ್ತಾ
"ಯಾಕಮ್ಮಾ ಸಿಟ್ಟು, ಲೆಕ್ಕ ಸರಿಯಿದೆಯಲ್ಲ" ಅಂದರು.
ಸಿಟ್ಟಿರಲಿಲ್ಲ.
ಮದುವೆಮನೆಯಲ್ಲಿ ಯಾರದೋ ಅತ್ತಿಗೆ
"ಈ ವಯಸ್ಸಲ್ಲೂ ಏನು ನಾಚಿಕೆ ನೋಡು ಸುಬ್ಬರತ್ನಂಗೆ" ಅಂದಳು.
ನಾಚಿಕೆಯೂ ಅಲ್ಲ.
ಗಂಡ ಮಾತ್ರ ಏನೂ ಕೇಳದೆ
ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗುತ್ತಿದ್ದ,
ಬೈಸಿಕೊಳ್ಳುವ ಮೊದಲೇ ಎದ್ದು ಹೋಗುವುದು ವಾಸಿ ಎಂದು.

ಮದ್ದು ಹೇಳದವರುಂಟೆ?
ಅರಿಸಿನ, ಕಡ್ಲೆಹಿಟ್ಟು, ನಿಂಬೆರಸಕ್ಕೆ ಒಂದು ಚಿಟಿಕೆ ಸಕ್ಕರೆ.
ಪಕ್ಕದ ಮನೆ ಆಂಜಿನಮ್ಮ ಬೇವಿನಸೊಪ್ಪು ಕುದಿಸಿ
ಕಂಬಳಿ ಹೊದಿಸಿ ಹಬೆಗೆ ಕೂರಿಸಿದಳು.
ಹಗಲೆಲ್ಲ ಹಬೆ ಕುಡಿದವಳಿಗೆ ರಾತ್ರಿಯೂ ಹಬೆ!
ಉಜ್ಜಿದೆ. ಉಜ್ಜಿದಷ್ಟೂ ಉರಿಯಿತು.
ಉರಿದಷ್ಟೂ ಕೊಳೆ ಹೋಗುತ್ತಿದೆ ಎಂದು
ಮತ್ತೆ ಉಜ್ಜಿದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಎಳೆವಯಸ್ಸಿನ ಡಾಕ್ಟರಮ್ಮ
ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ
"ರೊಸೇಶಿಯಾ" ಅಂದಳು.
ಯಾರದೋ ಮಗಳ ಹೆಸರಿನ ಹಾಗಿತ್ತು.
"ಕೊಳೆಯಲ್ಲಮ್ಮ, ಅಂಟುವುದೂ ಇಲ್ಲ. ಚರ್ಮ ಸೂಕ್ಷ್ಮ.
ಪೂರ್ತಿ ಹೋಗುವಂಥದ್ದಲ್ಲ,
ಜೊತೆಗಿಟ್ಟುಕೊಂಡು ಬಾಳುವಂಥದ್ದು."
ಬಿಡಬೇಕಾದ್ದನ್ನು ಬೆರಳು ಮಡಿಸಿ ಹೇಳಿದಳು:
ಬಿಸಿಲು, ಹಬೆ, ಕುದಿಕುದಿ ಕಾಫಿ, ಖಾರ.
ಬಸ್ಸಿನಲ್ಲಿ ನಾನೂ ಮಡಿಸಿ ನೋಡಿದೆ.
ಇವನ್ನೆಲ್ಲ ಬಿಟ್ಟರೆ
ನಮ್ಮೂರಲ್ಲಿ ಉಳಿಯುವುದು ಬಸ್ ಸ್ಟ್ಯಾಂಡು.

ಈಗ ರಾತ್ರಿ ಮಡಕೆಯ ನೀರಿಗೆ ಕೊಂಚ ಒಲೆಯ ನೀರು ಬೆರೆಸಿ
ಮೊಣಕೈ ಅದ್ದಿ ನೋಡುತ್ತೇನೆ, ಕೂಸಿಗೆ ನೋಡುತ್ತಿದ್ದ ಹಾಗೆ.
ಎರಡು ಬೊಗಸೆ. ಸೋಪಿಲ್ಲ.
ಹಳೇ ಪಂಚೆಯ ಚೂರಿನಿಂದ ಒತ್ತಿ,
ಪೂರಾ ಒಣಗುವ ಮೊದಲೇ
ವಾಸನೆಯೇ ಇಲ್ಲದ ಬಿಳಿ ಕ್ರೀಮು, ಅವರೆಕಾಳಿನಷ್ಟು.
ಹಣೆಗೊಂದು, ಗಲ್ಲಕ್ಕೊಂದು, ಕೆನ್ನೆಗೆ ಎರಡೆರಡು,
ಚುಕ್ಕೆ ಇಟ್ಟು, ಎಳೆ ಎಳೆಯದೆ
ಯಾರೋ ಕರೆದರೆಂದು ಎದ್ದುಹೋದ ರಂಗೋಲಿಯ ಹಾಗೆ.
ಆಮೇಲೆ ಒತ್ತಬೇಕು, ಉಜ್ಜಬಾರದು.
ಇದೇನೂ ನನಗೆ ಹೊಸದಲ್ಲ.
ಬೆಂದ ಗೂಡಿನಲ್ಲಿ ತುದಿಯೆಳೆ ಹುಡುಕುವಾಗ
ಕೈ ತಾನಾಗಿ ಹಗುರಾಗುತ್ತದೆ.
ಹುಳ ಕಟ್ಟಿದ್ದಕ್ಕೆ ತೋರಿಸಿದ ನಯ
ನನ್ನ ಮುಖಕ್ಕೆ ಯಾಕೆ ತೋರಿಸಲಿಲ್ಲವೋ.

ಶಂಷಾದ್ ಕಿಟಕಿ ಕಡೆಯ ತೊಟ್ಟಿ ನನಗೆ ಬಿಟ್ಟಳು.
ಕಾರಣ ಕೇಳಲಿಲ್ಲ.
ಹಳೇ ದುಪಟ್ಟಾದ ತುಂಡೊಂದನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ,
ಮಧ್ಯಾಹ್ನ ಒಮ್ಮೆ, ಮೂರಕ್ಕೊಮ್ಮೆ
ಗುರಿಯಿಟ್ಟು ನನ್ನ ಮಡಿಲಿಗೆ ಎಸೆಯುತ್ತಾಳೆ.

ಉಪ್ಪುಸಾರು ಬಿಟ್ಟಿಲ್ಲ.
ಖಾರ ತಟ್ಟೆಯಂಚಿಗೆ ಸರಿಸಿ, ಮುದ್ದೆಯ ಕೊನೇ ತುತ್ತನ್ನು
ಮುಟ್ಟಿಸಿಯೂ ಮುಟ್ಟಿಸದ ಹಾಗೆ ಮುಟ್ಟಿಸಿ ನುಂಗುತ್ತೇನೆ.
ಮಾರನೇ ದಿನ ಕೆನ್ನೆ ಚಾಡಿ ಹೇಳುತ್ತದೆ.

ನಿನ್ನೆ ಗಂಡ ಎಂದಿನಂತೆ ತಟ್ಟೆ ಎತ್ತಿಕೊಂಡ.
"ಕೂತ್ಕೊ, ಇದು ಸಿಟ್ಟಲ್ಲ" ಅಂದೆ.
"ಮತ್ತೆ?"
"ಚರ್ಮ."
ಕೂತ.
ದೀಪದ ಕೆಳಗೆ ಬಹಳ ಹೊತ್ತು ನನ್ನ ಮುಖ ನೋಡಿದ,
ಕರೆಂಟ್ ಬಿಲ್ಲು ಓದುವವನ ಹಾಗೆ, ಮೇಲಿಂದ ಕೆಳಗೆ.
ಆಗ ನಿಜಕ್ಕೂ ನಾಚಿಕೆಯಾಯಿತು.
ಕೆಂಪಿನ ಮೇಲೆ ಕೆಂಪು,
ಅವನಿಗೆ ಕಾಣಲಿಲ್ಲ.