ಕೆರೆದ ಸಾಲು

ಕೂತುಕೋ ದೆಬೆಬೆ. ಕಾಲು ಚಾಚಬೇಡ, ಮಸಿಯಿದೆ.
ಬೆಳಿಗ್ಗೆಯಿಂದ ನಿನ್ನ ಬಾಯಲ್ಲಿ ಒಂದೇ ಪ್ರಶ್ನೆ:
ಮನುಷ್ಯರ ಕೈ ಬರೆದದ್ದು, ಮೇಕೆಯ ಚರ್ಮದ ಮೇಲೆ,
ದೇವರು ಕೊಟ್ಟದ್ದೆಂದು ಹೇಗೆ ನಂಬಲಿ, ಅಜ್ಜ?

ನನ್ನನ್ನು ಕೇಳುತ್ತೀಯ! ಮೇಕೆ ಸುಲಿದವನು ನಾನೇ,
ಚೌಕಟ್ಟಿಗೆ ಬಿಗಿದು ಕಲ್ಲಲ್ಲಿ ಉಜ್ಜಿದವನು,
ಬಾಣಲೆಯ ಕರಿಯನ್ನು ಸುಟ್ಟ ಬಾರ್ಲಿಯ ಜೊತೆ ಅರೆದು
ಮೂರು ತಿಂಗಳು ಮಡಕೆಯಲ್ಲಿ ಕೊಳೆಯಿಸಿದವನು.
ವೇದಪುಸ್ತಕದ ವಾಸನೆ ನನ್ನ ಉಗುರಿನಲ್ಲಿದೆ.
ಅದು ಆಕಾಶದಿಂದ ಉದುರಲಿಲ್ಲ, ಗೊತ್ತು ನನಗೆ.

ಆದರೂ ನೋಡು, ಈ ಚೂರಿ.
ತಪ್ಪು ಬಿದ್ದಲ್ಲಿ ಕೆರೆಯುವುದಕ್ಕೆ. ಅಷ್ಟೇ ಇದರ ಕೆಲಸ.
ನನ್ನ ಗುರುವಿನ ಹತ್ತಿರ ಇತ್ತು, ಅವರ ಗುರುವಿನ ಹತ್ತಿರವೂ.
ಯಾರೂ ನೋಡದ ರಾತ್ರಿಗಳು ಎಲ್ಲರಿಗೂ ಇದ್ದವು.
ಹೀಗಿದ್ದೂ
ಮಹಡಿಯಿಂದ ಪರರ ಹೆಂಡತಿಯನ್ನು ಕಂಡ ಅರಸ
ಹಾಗೇ ಉಳಿದಿದ್ದಾನೆ, ಅವಳ ಗಂಡನ ರಕ್ತದ ಸಮೇತ.
ಹುಂಜ ಕೂಗುವ ಮೊದಲು ಬೆಂಕಿ ಕಾಯಿಸುತ್ತ
ಗುರುವಿನ ಗುರುತೇ ಇಲ್ಲ ಅಂದುಬಿಟ್ಟ ಬೆಸ್ತ,
ಅವನೇ ಹಿರಿಯ ಶಿಷ್ಯ!
ಆ ನಾಚಿಕೆಯನ್ನು ಹನ್ನೊಂದು ಸಲ ನಕಲು ಮಾಡಿದ್ದೇನೆ.
ಹೆತ್ತವರಿಗೆ ಹೆಗ್ಗಣ ಮುದ್ದು;
ಈ ಪುಸ್ತಕ ಮಾತ್ರ ತನ್ನ ಮಕ್ಕಳನ್ನು ಮೂಗು ಕೂಡ ಒರೆಸದೆ
ಬೀದಿಗೆ ತಂದು ನಿಲ್ಲಿಸುತ್ತದೆ.

ಇನ್ನೊಂದು. ಬರಿದಾದ ಸಮಾಧಿಗೆ ಮೊದಲು ಹೋದವರು ಹೆಂಗಸರು.
ಆ ಕಾಲದ ಕಟ್ಟೆಯಲ್ಲಿ ಅವರ ಸಾಕ್ಷಿಗೆ ಕಾಸಿನ ಬೆಲೆಯಿಲ್ಲ.
ಕಥೆ ಕಟ್ಟುವವನು ಅವರನ್ನೇ ಮುಂದೆ ನಿಲ್ಲಿಸುತ್ತಿದ್ದನೇ?
ಸಂತೆಯಲ್ಲಿ ಮೆಣಸಿನಪುಡಿ ಮಾರುವ ನಿನ್ನ ಅಮ್ಮನನ್ನು ಕೇಳು,
ಸುಳ್ಳು ಹೇಳುವವನು ದೊಡ್ಡವರ ಹೆಸರು ಹಿಡಿದು ಬರುತ್ತಾನೆ.

ತಲೆಯಾಡಿಸುತ್ತೀಯ. ಕಣ್ಣು ಒಪ್ಪಿಲ್ಲ.
ಸರಿ, ವಾದ ಸಾಕು. ಮುಚ್ಚಿಟ್ಟದ್ದನ್ನು ಹೇಳುತ್ತೇನೆ.

ನನಗಾಗ ಮೂವತ್ತೊಂದು. ಅಪ್ಪನ ಟೆಫ್ ಹೊಲ
ನನಗೂ ತಮ್ಮ ಅಡ್ಮಾಸುವಿಗೂ ಅರ್ಧರ್ಧ.
ಅವನು ಜ್ವರದಲ್ಲಿ ಮಲಗಿದ್ದ ತಿಂಗಳು
ಗಡಿಕಲ್ಲನ್ನು ನಾನು ಏಳು ಹೆಜ್ಜೆ ನಡೆಸಿದೆ.
ಕಲ್ಲಿಗೆ ಬಾಯಿಲ್ಲ. ಸುತ್ತ ಹುಲ್ಲು ಬೆಳೆಯಿತು.
ಅವನು ಎದ್ದ, ಅಳೆಯಲಿಲ್ಲ.
"ಈ ಸಲ ಕಾಳು ಕಡಿಮೆ, ಅಣ್ಣ" ಅಂದ. ಅಷ್ಟೇ.

ಆ ವರ್ಷವೇ ಟಾನಾ ಸರೋವರದ ದ್ವೀಪದ ಮಠಕ್ಕೆ
ಹಳೆಯ ಕಟ್ಟಳೆಗಳನ್ನು ಬರೆದುಕೊಡುವ ಕೆಲಸ ಬಂತು.
ಬರೆಯುತ್ತ ಬರೆಯುತ್ತ ಒಂದು ಸಂಜೆ ಎದುರಾಯಿತು:
ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ,
ಅದಕ್ಕೆ ಜನರೆಲ್ಲ ಆಮೆನ್ ಅನ್ನಬೇಕಂತೆ.
ಕೈ ತಾನಾಗಿ ಬರೆದು ಮುಗಿಸಿತ್ತು. ಮಸಿಯೂ ಆರಿತ್ತು.
ಚೂರಿ ತೆಗೆದೆ.
ಕೆರೆದೆ.
ಮುಂದಿನ ಸಾಲನ್ನು ಎಳೆದು ನಾಳೆ ತುಂಬಿಸೋಣ ಎಂದು ಮಲಗಿದೆ.

ಬೆಳಿಗ್ಗೆ ಹಾಳೆ ಎತ್ತಿ ಕಿಟಕಿಗೆ ಹಿಡಿದೆ, ತೂತು ಬಿದ್ದಿದೆಯೇ ನೋಡಲು.
ನೀರಿನ ಮೇಲಿಂದ ಬಂದ ಬಿಸಿಲು ಚರ್ಮದೊಳಗೆ ಹೊಕ್ಕಿತು.
ಕೆರೆದಲ್ಲಿ ಚರ್ಮ ತೆಳು. ತೆಳುವಾದಲ್ಲಿ ಬೆಳಕು ಜಾಸ್ತಿ.
ಆ ಬೆಳಕಿನಲ್ಲಿ
ಮಿಕ್ಕೆಲ್ಲ ಸಾಲಿಗಿಂತ ಮೊದಲು ಕಣ್ಣಿಗೆ ಬಿತ್ತು,
ಕಂದು ನೆರಳಾಗಿ, ಅದೇ ಸಾಲು.

ಪವಾಡವಲ್ಲ. ಮಸಿ ಚರ್ಮಕ್ಕೆ ಇಳಿದಿತ್ತು, ಅಷ್ಟು ತಿಳಿಯದವನಲ್ಲ.
ಆದರೆ ನನ್ನ ಏಳು ಹೆಜ್ಜೆ ತಮ್ಮನಿಗೆ ಗೊತ್ತಿರಲಿಲ್ಲ,
ಹೆಂಡತಿಗೆ ಗೊತ್ತಿರಲಿಲ್ಲ, ಪಾಪನಿವೇದನೆ ಕೇಳುವ ಪಾದ್ರಿಗೂ.
ಎಂದೋ ಮಣ್ಣಾದ ಬರಹಗಾರನಿಗೆ ಯಾರು ಹೇಳಿದರು?

ಅಂದು ಲೇಖನಿ ಮುಟ್ಟಲಿಲ್ಲ. ಹಾರೆ ಹಿಡಿದು ಹೊಲಕ್ಕೆ ಹೋದೆ.
ಕದಿಯುವಾಗ ಹಗುರಾಗಿದ್ದ ಕಲ್ಲು
ಹಿಂದಿರುಗಿಸುವಾಗ ಎಷ್ಟು ಭಾರ!
ಅಡ್ಮಾಸು ಬಂದ. ಸ್ವಲ್ಪ ಹೊತ್ತು ನಿಂತ.
ಮತ್ತೆ ಇನ್ನೊಂದು ಬದಿಗೆ ತಾನೂ ಕೈ ಕೊಟ್ಟ.
ಮಧ್ಯಾಹ್ನ ಅವನ ಹೆಂಡತಿ ಇಂಜೆರಾ ತಂದಳು, ಒಂದೇ ತಟ್ಟೆ.
ಮೊದಲ ತುತ್ತನ್ನು ಸುತ್ತಿ
ಅವನು ನನ್ನ ಬಾಯಿಗಿಟ್ಟ.
ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಸಾಲನ್ನು ಅದೇ ಜಾಗದಲ್ಲಿ ಮತ್ತೆ ಬರೆದೆ.
ಅಲ್ಲಿ ಮಸಿ ಸ್ವಲ್ಪ ಹರಡಿದೆ, ದ್ವೀಪಕ್ಕೆ ಹೋದರೆ ನೋಡು.

ಇನ್ನೂ ನಂಬಿಕೆ ಬಾರದಿದ್ದರೆ ಬರಲಿಲ್ಲ ಅನ್ನು, ಬೈಯುವುದಿಲ್ಲ.
ಬರೆಯುತ್ತಿರು. ಚೂರಿ ನಿನ್ನ ಪಕ್ಕದಲ್ಲೇ ಇರಲಿ.
ಈಗ ಆ ಕೆಂಪು ಮಸಿಯ ಕೊಂಬು ಇತ್ತ ಕೊಡು.
ಅವನ ಹೆಸರು ಬಂತು.