ಎಫ್ ಏಳು

ಕಲಬುರಗಿ ಸೂಪರ್ ಮಾರ್ಕೆಟ್, ಜಿನ್ನೆ ಹತ್ತಿದರೆ ನನ್ನ ಡಿಟಿಪಿ.
ಹಗಲೆಲ್ಲ ಲಗ್ನಪತ್ರಿಕೆ.
ಎಫ್ ಏಳು ಒತ್ತಿದರೆ ಸಾಕು,
‘ಸಹಕುಟುಂಬ ಸಪರಿವಾರ ಸಮೇತ ಬಂದು
ವಧೂವರರನ್ನು ಹರಸಬೇಕು’
ಒಂದೇ ಉಸಿರಿಗೆ ಬಿದ್ದುಬಿಡುತ್ತದೆ.

ಶಟರ್ ಅರ್ಧ ಇಳಿಸಿದ ಮೇಲೆ
ಅದೇ ಕೀಲಿ, ಬೇರೆ ಕೆಲಸ.
ಗುರಾಣಿ, ಸಿಡಿಲು, ಮದ್ದು, ಹಿಂದಕ್ಕೊಂದು ನೆಗೆತ:
ನಾಲ್ಕೂ ಒಂದೇ ಒತ್ತಿಗೆ.
ಬೆರಳಿಗೆ ಲೆಕ್ಕ ಗೊತ್ತು,
ನನ್ನನ್ನು ಕೇಳುವುದಿಲ್ಲ.
ಅಚ್ಚು ಅಳಿಸಿದ ಆ ಗುಂಡಿಗೆ
ಉಗುರುಬಣ್ಣದ ಚುಕ್ಕಿ ಇಟ್ಟಿದ್ದೇನೆ.

ಮೊನ್ನೆ ಎದುರಾದ ಕರಿನಾಗ,
ಮೂರು ಸಲ ನನ್ನನ್ನು ಕೊಂದವ.
ಬೈಯಲೆಂದು ತೆರೆದ ಚಾಟ್ ಹಾಗೇ ಇತ್ತು,
ಹಗಲಿನ ಜೋಡಣೆ ಬದಲಿಸಿರಲಿಲ್ಲ.
ಅವನು ಕತ್ತಿ ಎತ್ತಿದ. ಒತ್ತಿದೆ.
ಸಿಡಿಲಿಲ್ಲ, ಗುರಾಣಿಯಿಲ್ಲ.
ರಣರಂಗದ ನಡುವೆ, ಅವನ ಮುಖಕ್ಕೇ,
ಸಹಕುಟುಂಬ
ಸಪರಿವಾರ
ಸಮೇತ.

ಕತ್ತಿ ಗಾಳಿಯಲ್ಲೇ ನಿಂತಿತು.
ತಲೆಮೇಲಿನ ಫ್ಯಾನು
ಬಿಸಿಗಾಳಿಯನ್ನು ಎರಡು ಸುತ್ತು ತಿರುವಿತು.
ಆಮೇಲೆ ಪರದೆ ಮೇಲೆ
‘ಯಾರ್ದು ಲಗ್ನ ರೀ?
ಶಾಬಾದ ಕಡೇದೇನು?
ಊಟಕ್ಕ ಬರ್ಲೇನು ನಾನೂ?’

ಹೊಡೆಯಬಹುದಿತ್ತು.
ಬೆರಳು ಚುಕ್ಕಿಯ ಮೇಲೇ ಇತ್ತು.