ಹದಿನೇಳು ಬಾಕಿ

ಒಂಬತ್ತು ಗರಟೆ, ಒಂದರಡಿ ಶೇಂಗಾ.
ಮೊದಲು ಅವಳಿಗೆ ತೋರಿಸಬೇಕು, ಆಮೇಲೆ ಬೋರಲು ಹಾಕಬೇಕು,
ಪರದೆ ಎಳೆದು ಗಡಿಯಾರ ನೋಡುತ್ತ ಕೂರಬೇಕು.
ಇದು ಈಗ ನನ್ನ ಕೆಲಸ, ಆಗುಂಬೆ ಘಾಟಿಯ ಏಳನೇ ತಿರುವಿನಲ್ಲಿ,
ದಿನಕ್ಕೆ ಆರುನೂರು, ಮಧ್ಯಾಹ್ನದ ಚಿತ್ರಾನ್ನ ಬೇರೆ.
ಹಾಳೆಯಲ್ಲಿ ಅವಳು ‘ಹೆಣ್ಣು ಹದಿನಾಲ್ಕು’.
ನನಗೆ ಕಿವಿಹರಕಿ.

‘ಮನುಷ್ಯರದ್ದೂ ಬೇಕಲ್ಲ ಹುಚ್ರಾಯಪ್ಪ, ಕೂತ್ಕೊಳ್ಳಿ’
ಅಂದರು ವಾರಿಜಾ ಮೇಡಂ.
ಒಂದು ನಿಮಿಷ ಕಳೆದು ನಾನು ಎತ್ತಿದ್ದು ಖಾಲಿ ಗರಟೆ.
ಕಟ್ಟೆ ಮೇಲಿನ ಕಿವಿಹರಕಿ ಪಕ್ಕೆ ಕೆರೆದುಕೊಂಡಳು.

ನಗಬೇಡಿ.
ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವನು ನಾನು.
ಟಿಕೇಟಿನ ಬೆನ್ನಿಗೆ ಗೀಚಿಕೊಟ್ಟ ಚಿಲ್ಲರೆ
ಇಳಿಯುವಾಗ ಮುಖ ನೋಡಿಯೇ ಎಣಿಸುತ್ತಿದ್ದೆ:
ಹಸಿರು ಸೆರಗಿಗೆ ನಾಲ್ಕು, ಕೊಡೆ ಮರೆತ ಮೇಷ್ಟ್ರಿಗೆ ಹನ್ನೊಂದು,
ವಾಂತಿ ಮಾಡಿಕೊಂಡ ಹುಡುಗನ ಅಪ್ಪನಿಗೆ ಎರಡು.
ಇದಕ್ಕೆ ನಿಮ್ಮ ಹಾಳೆಯಲ್ಲಿ ಕಲಂ ಇದೆಯಾ ಅಂತ ಕೇಳಿದೆ.
ಅವರು ಪೆನ್ನು ಕಚ್ಚಿದರು.
‘ಚುಕ್ತಾ ಆದಮೇಲೂ ನೆನಪಿರ್ತಿತ್ತಾ?’

ಇಲ್ಲ.
ಅಂಗೈಯಿಂದ ಕಾಸು ಜಾರಿದ ಕೂಡಲೇ ಮುಖವೂ ಜಾರುತ್ತಿತ್ತು.
ಬರೆದುಕೊಂಡರು, ಅಡಿಗೆರೆ ಎಳೆದು, ಎರಡು ಸಲ.

ಒಬ್ಬಳದ್ದು ಮಾತ್ರ ಉಳಿದಿದೆ.
ಸೋಮೇಶ್ವರದಲ್ಲಿ ಹತ್ತಿ ಗುಡ್ಡೇಕೇರಿಯಲ್ಲಿ ಮೀನುಬುಟ್ಟಿ ಇಳಿಸಿಕೊಂಡವಳು.
ಐವತ್ತರ ನೋಟು, ಹದಿನೇಳು ಬಾಕಿ.
ಬಸ್ಸು ಹೊರಟೇಬಿಟ್ಟಿತ್ತು; ನಾಳೆ ಕೊಡ್ತೀನಿ ಅಂತ ಬಾಗಿಲಿಂದ ಕೂಗಿದೆ.
ಮಾಲೀಕರು ಸಾಲಕ್ಕೆ ಬಸ್ಸು ಬಿಟ್ಟುಕೊಟ್ಟದ್ದು ಆ ರಾತ್ರಿ.
ಮೂಗುಬಟ್ಟು ಕಳೆದ ತೂತಿಗೆ ಹಿಡಿಕಡ್ಡಿಯ ಚೂರು,
ಬುಟ್ಟಿಯ ನೀರು ಇಳಿದು ಕಪ್ಪಾದ ಭುಜ:
ಎಲ್ಲ ಹಾಗೇ ಇದೆ, ಒಂದು ರೂಪಾಯಿಯಷ್ಟೂ ಸವೆದಿಲ್ಲ.

ನಿನ್ನೆ ಒಂಬತ್ತು ನಲವತ್ತಕ್ಕೆ, ಪರದೆ ಎಳೆದಿದ್ದೆ ಅಷ್ಟೆ,
ಕಿವಿಹರಕಿ ಪರೀಕ್ಷೆ ಬಿಟ್ಟು ಎದ್ದಳು.
ತಡೆಗೋಡೆ ಹತ್ತಿ, ಕೆಳಗಿನ ತಿರುವಿಗೆ ಮುಖ ಮಾಡಿ ಕೂತಳು.
ನಮ್ಮ ಡ್ರೈವರ್ ಅಣ್ಣು ಅಲ್ಲೇ ಗೇರು ಇಳಿಸುತ್ತಿದ್ದ,
ಕಿಟಕಿಯಿಂದ ಒಂದು ಬಾಳೆಹಣ್ಣು ಎಸೆಯುತ್ತಿದ್ದ.
ಅದಾಗಿ ನಾಲ್ಕು ವರ್ಷ.
ಒಂದು ಕಾರು ಬಂತು. ಎರಡು ಬೈಕು.
ಅವಳು ಅತ್ತ ಕಣ್ಣು ಹಾಕಲಿಲ್ಲ, ದೂರದ ಹಾರನ್ನಿಗೆ ಕುತ್ತಿಗೆ ನಿಗುರಿಸಿದ್ದಳು.

‘ಇದು ನೆನಪಾ, ಕಾಯೋದಾ?’
ಮೇಡಂ ಕೇಳಿದ್ದು ನನ್ನನ್ನೋ ಹಾಳೆಯನ್ನೋ.
ಅಷ್ಟರಲ್ಲಿ ನನ್ನ ಎಡಗೈ
ಸೊಂಟದ ಪಕ್ಕ ಇಲ್ಲದ ಚೀಲದೊಳಗೆ ಇಳಿದು
ಹದಿನೇಳು ಎಣಿಸುತ್ತಿತ್ತು.

ಪರೀಕ್ಷೆ ರದ್ದು ಅಂತ ಬರೆದರು.
ಶೇಂಗಾ ಯಾವುದರಡಿ ಇಟ್ಟಿದ್ದೆವೋ
ಆಮೇಲೆ ಇಬ್ಬರಿಗೂ ಗೊತ್ತಾಗಲಿಲ್ಲ.
ಒಂಬತ್ತನ್ನೂ ಎತ್ತಿದೆವು.